ಹಳೆಯ ಫ್ಲ್ಯಾಶ್‌ಗನ್ನೂ ಅದನ್ನು ಬಲ್ಲ ಹಿರಿಯರೂ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಕಿರುಗಲ್ಲಿಯಲ್ಲಿ, ಮಹಡಿಗೆ ಹತ್ತುವ ಮೆಟ್ಟಿಲುಗಳ ಕೆಳಗಿನ ಅಲ್ಪಾವಕಾಶದಲ್ಲಿಯೇ ಮೇಜೊಂದನ್ನು ಹಾಕಿಕೊಂಡು, ಕ್ಯಾಮೆರಾದ ಫ್ಲ್ಯಾಶ್‌ಗನ್ನುಗಳನ್ನು ರಿಪೇರಿ ಮಾಡುತ್ತ ಜೀವಮಾನದ ಬಹುಭಾಗವನ್ನು ಕಳೆದಿರುವ ಹಿರಿಯರೊಬ್ಬರಿದ್ದಾರೆ. ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಇಷ್ಟವಿಲ್ಲ. ಆದುದರಿಂದ ಅದನ್ನು ಬರೆಯುವುದಿಲ್ಲ. ಕ್ಯಾಮೆರಾಕ್ಕೆಂದೇ ಸಾಲ ಮಾಡಿ ಫ್ಲ್ಯಾಶಿಗೆ ಹಣವುಳಿಯದ ತರುಣರು, ಮದುವೆಯ ಸೀಸನ್ನಿಗೆ ಮೊದಲು ಇನ್ನೊಂದು ಲೈಟು ಬೇಕೆಂದು ಬರುವ ಊರುಕೇರಿಯ ಸ್ಟುಡಿಯೊದವರು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಹಳೆಯ ಫ್ಲ್ಯಾಶನ್ನು ಕೊಂಡು ಅದರ ಗುಣದೋಷಗಳನ್ನು ನಿರ್ಣಯಿಸಲಾರದೆ ತಂದು ಮೇಜಿನ ಮೇಲೆ ಇಡುವವರು, ಇವರೆಲ್ಲರಿಗೂ ಆ ಮೆಟ್ಟಿಲ ಕೆಳಗಿನ ಸ್ಥಳವೇ ಕಡೆಯ ನ್ಯಾಯಸ್ಥಾನ.

ಅವರು ಪರೀಕ್ಷೆ ಮಾಡುವ ಕ್ರಮವನ್ನು ಹತ್ತಿರ ಕುಳಿತು ನೋಡುವುದೇ ಒಂದು ವಿದ್ಯಾಭ್ಯಾಸ. ಮೊಟ್ಟಮೊದಲು ಸೆಲ್ಲಿನ ಮುಚ್ಚಳವನ್ನು ತೆಗೆದು, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಒಳಗಿನ ಸ್ಪ್ರಿಂಗುಗಳನ್ನೂ ತಗಡಿನ ಪಟ್ಟಿಗಳನ್ನೂ ನೋಡುತ್ತಾರೆ. ಸೆಲ್ಲು ಸೋರಿ ಬಿಳಿಯ ಪುಡಿಯೋ ಹಸಿರು ಕಿಲುಬೋ ಕಟ್ಟಿದ್ದರೆ, ಹತ್ತಿಯ ತುದಿಗೆ ವಿನಿಗರ್ ಸೋಂಕಿಸಿ ಉಜ್ಜುತ್ತಾರೆ. ಪಟ್ಟಿ ಹೊಳೆದರೆ ಆ ಫ್ಲ್ಯಾಶಿಗೆ ಆಯುಸ್ಸುಂಟು, ಕಿಲುಬು ತಂತಿಯ ಗುಂಟ ಒಳಗಿನ ಬೋರ್ಡಿಗೆ ಇಳಿದಿದ್ದರೆ ಅದನ್ನು ಮರುಮಾತಿಲ್ಲದೆ ಹಿಂದಕ್ಕೆ ಕೊಡುತ್ತಾರೆ. ಆಮೇಲೆ ಮುಂದಿನ ಗಾಜನ್ನು ಬೆಳಕಿಗೆ ಹಿಡಿದು ಟ್ಯೂಬಿನ ಎರಡು ತುದಿಗಳನ್ನೂ ಗಮನಿಸುತ್ತಾರೆ. ಅಲ್ಲಿ ಕಪ್ಪು ದಟ್ಟವಾಗಿ ಹರಡಿದ್ದರೆ ಆ ಟ್ಯೂಬು ಲೆಕ್ಕವಿಲ್ಲದಷ್ಟು ಸಾರಿ ಬೆಳಗಿ ದಣಿದಿದೆ ಎಂದು ಅರ್ಥ. ಇಷ್ಟಾದ ಮೇಲೆ ತಮ್ಮದೇ ನಾಲ್ಕು ಸೆಲ್ಲುಗಳನ್ನು ಹಾಕಿ, ಸ್ವಿಚ್ಚನ್ನು ಒತ್ತಿ, ಆ ಯಂತ್ರವನ್ನು ಕಿವಿಗೆ ಹಿಡಿಯುತ್ತಾರೆ.

ಆ ಹಿರಿಯರ ಕೌಶಲವೆಲ್ಲವೂ ಆ ಕಿವಿಯಲ್ಲಿ ಇದೆ. ನಾಲ್ಕು ಸೆಲ್ಲುಗಳು ಕೊಡುವ 6 ವೋಲ್ಟುಗಳ ಅಲ್ಪ ವಿದ್ಯುತ್ತು ಒಳಗಿನ ಸರ್ಕಿಟ್ಟಿನಲ್ಲಿ ಕಂಪಿಸಿ, ಟ್ರಾನ್ಸ್‌ಫಾರ್ಮರಿನ ಮೂಲಕ 300 ವೋಲ್ಟುಗಳನ್ನು ಮೀರಿ ಏರಿ, ಕೆಪಾಸಿಟರಿನಲ್ಲಿ ಸಂಚಯವಾಗುವ ಕಾಲದಲ್ಲಿ ಒಂದು ಸೂಕ್ಷ್ಮವಾದ ಕೀರಲು ಧ್ವನಿ ಹೊರಡುತ್ತದೆ. ಆರೋಗ್ಯವಂತ ಫ್ಲ್ಯಾಶಿನಲ್ಲಿ ಆ ಧ್ವನಿ ಏಕಪ್ರಕಾರವಾಗಿ ಮೇಲಕ್ಕೇರುತ್ತ ಕಿವಿಗೆ ನಿಲುಕದ ಸ್ಥಾಯಿಯಲ್ಲಿ ಲೀನವಾಗುತ್ತದೆ, ಸಿದ್ಧದೀಪ ಹತ್ತಿಕೊಳ್ಳುತ್ತದೆ. ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದುದರಲ್ಲಿ ಧ್ವನಿ ಕೆಳಗಿನ ಸ್ಥಾಯಿಯಲ್ಲಿಯೇ ತಡವರಿಸುತ್ತದೆ. ಕೆಪಾಸಿಟರಿನ ಅಲ್ಯೂಮಿನಿಯಂ ಹಾಳೆಯ ಮೇಲಿರುವ ಆಕ್ಸೈಡಿನ ತೆಳುಪೊರೆ ವರ್ಷಗಟ್ಟಲೆ ವಿದ್ಯುತ್ತಿನ ಸಂಪರ್ಕವಿಲ್ಲದಿದ್ದರೆ ಕ್ಷೀಣಿಸಿ, ತುಂಬಿದ ವಿದ್ಯುತ್ತು ಅದರ ಮೂಲಕ ಸೋರಿಹೋಗತೊಡಗುವುದೇ ಇದಕ್ಕೆ ಕಾರಣ. ಅಂಥದನ್ನು ತಂದ ಹುಡುಗನೊಬ್ಬ ಕೂಡಲೇ ಹೊಡೆದು ನೋಡಲು ಬಟನ್ನಿನ ಮೇಲೆ ಬೆರಳಿಟ್ಟಾಗ, ಹಿರಿಯರು ಅವನ ಕೈಯನ್ನು ಮೃದುವಾಗಿ ತಡೆದರು. "ಅವಸರ ಬೇಡಪ್ಪ. ಹತ್ತು ವರ್ಷ ಮಲಗಿದ್ದನ್ನು ಒಂದೇ ಸಲ ಎಬ್ಬಿಸಿ ಓಡು ಅಂದರೆ ಓಡೀತೆ? ತುಂಬಲಿ, ಸುಮ್ಮನಿರಲಿ, ಮತ್ತೆ ತುಂಬಲಿ." ಹೀಗೆ ತುಂಬಿಸಿ ವಿಶ್ರಾಂತಿ ಕೊಟ್ಟು ಪುನಃ ತುಂಬಿಸಿದಂತೆಲ್ಲ ಆ ಪೊರೆ ತಾನಾಗಿಯೇ ಮತ್ತೆ ಬೆಳೆಯುತ್ತದೆ, ಸಂಜೆಯ ಹೊತ್ತಿಗೆ ಆ ಹುಡುಗನ ಫ್ಲ್ಯಾಶಿನ ಧ್ವನಿ ಮೇಲಕ್ಕೇರತೊಡಗಿದ್ದನ್ನು ನನ್ನ ಅಶಿಕ್ಷಿತ ಕಿವಿಯೂ ಗುರುತಿಸಿತು.

ಇನ್ನೊಂದು ಪರೀಕ್ಷೆ ಮಲ್ಟಿಮೀಟರಿನದು. ಫ್ಲ್ಯಾಶಿನ ಕಾಲಿನ ನಡುವಣ ಬೊಟ್ಟಿಗೂ ಪಕ್ಕದ ಲೋಹಕ್ಕೂ ಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸಿದರೆ, ಕ್ಯಾಮೆರಾದ ಮೇಲೆ ಬೀಳುವ ವೋಲ್ಟೇಜು ಎಷ್ಟೆಂಬುದು ತಿಳಿಯುತ್ತದೆ. 1970ರ ದಶಕದಲ್ಲಿ ಪ್ರಪಂಚದಾದ್ಯಂತ ಕೀರ್ತಿ ಪಡೆದ ವಿವಿಟಾರ್ 283ರ ಮೊದಲ ತಯಾರಿಕೆಗಳಲ್ಲಿ ಇದು 200 ವೋಲ್ಟುಗಳನ್ನು ದಾಟುವುದುಂಟು. ಹಿಂದಿನ ಕ್ಯಾಮೆರಾಗಳಲ್ಲಿ ಲೋಹದ ಸ್ಪರ್ಶಮಾತ್ರದಿಂದ ಫ್ಲ್ಯಾಶು ಹೊಡೆಯುತ್ತಿದ್ದುದರಿಂದ ಅದು ಬಾಧಕವಾಗಿರಲಿಲ್ಲ. ಈಗಿನವುಗಳ ಸೂಕ್ಷ್ಮ ಎಲೆಕ್ಟ್ರಾನಿಕ್ ಭಾಗಗಳಿಗೆ ಅದು ಮಾರಕವಾದೀತು. ಅಂತಾರಾಷ್ಟ್ರೀಯ ಮಾನದಂಡ ಇಟ್ಟಿರುವ ಮಿತಿ 24 ವೋಲ್ಟು. ಕೆಲವು ಡಿಜಿಟಲ್ ಕ್ಯಾಮೆರಾಗಳ ತಯಾರಕರು 6 ವೋಲ್ಟಿಗಿಂತ ಹೆಚ್ಚು ಬೇಡವೆಂದೇ ಎಚ್ಚರಿಸಿದ್ದರು. ಅಂಥ ಹಳೆಯ ವಿವಿಟಾರನ್ನು ಎಸೆಯಬೇಕಾಗಿಲ್ಲ. ಕ್ಯಾಮೆರಾದ ತಲೆಯ ಮೇಲೆ ಕೂರಿಸದೆ, ಅಷ್ಟು ವೋಲ್ಟೇಜನ್ನು ತಾಳಬಲ್ಲ ರೇಡಿಯೊ ಟ್ರಿಗರಿನ ಮೂಲಕ ದೂರದಿಂದ ಹೊಡೆಯಿಸಬಹುದು.

ಫ್ಲ್ಯಾಶನ್ನು ಬಿಚ್ಚುವ ಕೆಲಸವನ್ನು ಮಾತ್ರ ಅವರು ಬಂದುಹೋಗುವವರಿಗೆ ಹೇಳಿಕೊಡುವುದಿಲ್ಲ. ಸೆಲ್ಲು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಾಪಾಯ ತರಬಲ್ಲ ವಿದ್ಯುತ್ತು ನಿಂತಿರಬಹುದು. ಹಳೆಯ 100 ವ್ಯಾಟಿನ ಬಲ್ಬಿನ ಹೋಲ್ಡರಿಗೆ ಎರಡು ತಂತಿ ಕಟ್ಟಿ ಅವರು ಮೊದಲು ಆ ವಿದ್ಯುತ್ತನ್ನು ಇಳಿಸುತ್ತಾರೆ. ಬಲ್ಬು ಒಮ್ಮೆ ಮಿನುಗಿ ಆರಿದ ಬಳಿಕವೇ ಕೈ ಒಳಕ್ಕೆ ಹೋಗುತ್ತದೆ.

ಈ ಕೃತಕ ಬೆಳಕಿನ ಪೂರ್ವೇತಿಹಾಸ ದೀರ್ಘವಾದದ್ದು, ಇಲ್ಲಿ ಸಂಕ್ಷೇಪಿಸುತ್ತೇನೆ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು ಮೆಗ್ನೀಸಿಯಂ ಪುಡಿಯನ್ನು ಇತರ ರಾಸಾಯನಿಕಗಳೊಡನೆ ಬೆರೆಸಿ ಉರಿಸುವ ಉಪಾಯವನ್ನು ಕಂಡುಹಿಡಿದರು. ಅಂಥ ಪುಡಿಯ ಬೆಳಕಿನಲ್ಲಿಯೇ 1920ರ ದಶಕದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ, ಹುಲಿಯೇ ಎಡವಿ ಎಳೆಯುವಂತೆ ದಾರಿಗಡ್ಡಲಾಗಿ ತಂತಿ ಕಟ್ಟಿ, ಉತ್ತರ ಭಾರತದ ಕಾಡುಗಳಲ್ಲಿ ಅಪೂರ್ವವಾದ ಚಿತ್ರಗಳನ್ನು ತೆಗೆದನು. ಆ ದಶಕದ ಕೊನೆಯಲ್ಲಿ ಬಲ್ಬುಗಳು ಬಂದವು. ಒಂದು ಚಿತ್ರಕ್ಕೆ ಒಂದು ಬಲ್ಬು, ಅನಂತರ ಅದು ಕಸ. 1930ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯ ಹೆರಾಲ್ಡ್ ಎಡ್ಜರ್ಟನ್ ಅನಿಲ ತುಂಬಿದ ಟ್ಯೂಬಿನೊಳಗೆ ಕೆಪಾಸಿಟರಿನ ವಿದ್ಯುತ್ತನ್ನು ಹರಿಸಿ, ಮತ್ತೆ ಮತ್ತೆ ಬೆಳಗಬಲ್ಲ ಕ್ಷಣಿಕ ಪ್ರಕಾಶವನ್ನು ಸಾಧಿಸಿದನು. ನಮ್ಮ ಹಿರಿಯರ ಮೇಜಿನ ಮೇಲಿರುವವೆಲ್ಲ ಅದರ ಸಂತಾನ.

ಸ್ವಲ್ಪ ಹಣದಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ಅವರು ಹೆಚ್ಚಾಗಿ ಹೇಳುವುದು ನಿಕಾನ್ ಕಂಪನಿಯ ಎಸ್‌ಬಿ-24, 25, 26, 28 ಎಂಬ ಸಾಲನ್ನು. 1988ರಿಂದ 1990ರ ದಶಕದ ಅಂತ್ಯದವರೆಗೆ ಇವು ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿದ್ದ ಶ್ರೇಷ್ಠ ಸಾಧನಗಳು. ಅವು ಅಗ್ಗವಾದುದಕ್ಕೆ ಅವುಗಳ ದೋಷ ಕಾರಣವಲ್ಲ. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾ ಫಿಲ್ಮಿನಿಂದ ಪ್ರತಿಫಲಿಸಿದ ಬೆಳಕನ್ನು ಅಳೆದು ಫ್ಲ್ಯಾಶನ್ನು ನಿಲ್ಲಿಸುತ್ತಿದ್ದಿತು. ಡಿಜಿಟಲ್ ಬಂದ ಮೇಲೆ ಆ ಪದ್ಧತಿ ಬದಲಾಗಿ, ಹಳೆಯವುಗಳ ಆ ಸ್ವಯಂಚಾಲನೆ ಹೊಸ ಕ್ಯಾಮೆರಾಗಳೊಡನೆ ಹೊಂದದೆ ಹೋಯಿತು. ಆದರೆ ಫ್ಲ್ಯಾಶಿನ ಮೈಯಲ್ಲಿಯೇ ಇರುವ ಕಣ್ಣಿನಿಂದ ನಡೆಯುವ ಆಟೊ ಪದ್ಧತಿಯೂ, ಕೈಯಿಂದ ಬೆಳಕನ್ನು ತಗ್ಗಿಸುವ ಮ್ಯಾನ್ಯುಯಲ್ ಪದ್ಧತಿಯೂ ಇಂದಿಗೂ ಅಬಾಧಿತ. ಎಸ್‌ಬಿ-24ರಲ್ಲಿ ಬೆಳಕನ್ನು 1/16ರವರೆಗೂ, 28ರಲ್ಲಿ 1/64ರವರೆಗೂ ಇಳಿಸಬಹುದು. 26ರಲ್ಲಿ ಇನ್ನೊಂದು ಫ್ಲ್ಯಾಶಿನ ಬೆಳಕನ್ನು ಕಂಡು ತಾನೂ ಹೊಡೆಯುವ ಸ್ಲೇವ್ ಅಳವಟ್ಟಿದೆ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಹಾಬಿ 2006ರಿಂದ ಇಂಥ ಹಳೆಯ ಫ್ಲ್ಯಾಶುಗಳನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಬಳಸುವ ಕ್ರಮವನ್ನು ಹವ್ಯಾಸಿಗಳಿಗೆ ಕಲಿಸತೊಡಗಿದ ಮೇಲೆ ಇವುಗಳಿಗೆ ಪುನಃ ಬೇಡಿಕೆ ಹುಟ್ಟಿತು.

ಲೆಕ್ಕವೂ ಸುಲಭವಾದದ್ದೇ. ಇವುಗಳ ಗೈಡ್ ನಂಬರು, ಐ.ಎಸ್.ಒ. 100ಕ್ಕೆ, ಸುಮಾರು 36. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರು ಬರುತ್ತದೆ: ಒಂಬತ್ತು ಮೀಟರಿಗೆ ಎಫ್/4, ನಾಲ್ಕೂವರೆ ಮೀಟರಿಗೆ ಎಫ್/8. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂಬ ಪ್ರಕೃತಿನಿಯಮವೇ ಇದರ ಮೂಲ. ಹಿಂದಿನ ಮದುವೆಮನೆಯ ಛಾಯಾಗ್ರಾಹಕರು ಧಾರೆಯ ಗದ್ದಲದ ನಡುವೆ ಈ ಭಾಗಾಕಾರವನ್ನು ಬಾಯಿಲೆಕ್ಕದಲ್ಲಿಯೇ ಮಾಡುತ್ತಿದ್ದರು. ಸ್ವಯಂಚಾಲನೆಯಿಲ್ಲದ ಹಳೆಯ ಫ್ಲ್ಯಾಶನ್ನು ಕೊಂಡವನು ಬೆಳಕಿನ ಸ್ವಭಾವವನ್ನು ತಾನೇ ಅರಿಯಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಹಣದ ಉಳಿತಾಯಕ್ಕಿಂತ ದೊಡ್ಡ ಲಾಭ.

ಈಗ ಚೀನಾದಿಂದ ಬರುವ ಹೊಸ ಫ್ಲ್ಯಾಶುಗಳೇ ಸುಲಭ ಬೆಲೆಗೆ ದೊರೆಯುತ್ತವೆ. ಕೆಟ್ಟರೆ ರಿಪೇರಿಗೆ ಕೊಡುವ ಬದಲು ಇನ್ನೊಂದನ್ನು ಕೊಳ್ಳುವುದೇ ಅನೇಕರ ಕ್ರಮವಾಗಿದೆ. ಹಿರಿಯರ ಮೇಜಿಗೆ ಬರುವವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಟ್ಯೂಬು ಸಿಕ್ಕದಾಗ ಒಂದು ಸತ್ತ ಫ್ಲ್ಯಾಶಿನದನ್ನು ತೆಗೆದು ಇನ್ನೊಂದಕ್ಕೆ ಜೋಡಿಸುತ್ತಾರೆ. ಅವರ ಬಳಿ ಕೆಲಸ ಕಲಿಯುತ್ತಿರುವವರು ಇಂದು ಒಬ್ಬರೂ ಇಲ್ಲ. ಮಲ್ಟಿಮೀಟರಿನ ಅಂಕಿಯನ್ನು ಯಾರಾದರೂ ಓದಬಲ್ಲರು. ಆ ಧ್ವನಿಯ ಏರಿಳಿತದಿಂದ ಕೆಪಾಸಿಟರಿನ ಸ್ಥಿತಿಯನ್ನು ಹೇಳುವ ವಿದ್ಯೆ ಯಾವ ಪುಸ್ತಕದಲ್ಲಿಯೂ ದೊರೆಯದು.

ಆದುದರಿಂದ ಹಳೆಯ ಫ್ಲ್ಯಾಶನ್ನು ಕೊಳ್ಳಹೊರಟ ಓದುಗರು ನಾಲ್ಕು ಹೊಸ ಸೆಲ್ಲುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ, ಮಾರುವವರ ಮುಂದೆಯೇ ಹತ್ತು ಬಾರಿ ಪೂರ್ಣಶಕ್ತಿಯಲ್ಲಿ ಹೊಡೆದು ನೋಡಿದ ಹೊರತು ಹಣ ಕೊಡದಿರಲಿ. ನಮ್ಮ ನಗರದ ಛಾಯಾಗ್ರಾಹಕರ ಸಂಘಗಳಲ್ಲಿಯೂ ಎಲೆಕ್ಟ್ರಾನಿಕ್ಸ್ ಕಲಿಸುವ ಪಾಲಿಟೆಕ್ನಿಕ್‌ಗಳಲ್ಲಿಯೂ ಇರುವ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಆಸಕ್ತಿಯುಳ್ಳ ಇಬ್ಬರು ವಿದ್ಯಾರ್ಥಿಗಳನ್ನಾದರೂ ಇಂಥವರ ಬಳಿಗೆ ಕಳುಹಿಸಿಕೊಡಿ. ಕಲಿಸಲು ತಾವು ಸಿದ್ಧವೆಂದೂ, ಅದಕ್ಕಾಗಿ ಯಾವ ಶುಲ್ಕವೂ ಬೇಡವೆಂದೂ ಅವರು ಹೇಳಿದ್ದಾರೆ.