ಹೊಳೆಯ ದಡದ ಬಿಡುವು

ಒಂದು ಊರಿನ ಜನರು ದುಡಿಯುವ ಬಗೆಯನ್ನು ನೋಡಿ ಆ ಊರನ್ನು ಸ್ವಲ್ಪಮಟ್ಟಿಗೆ ಅರಿಯಬಹುದು. ಅವರು ಬಿಡುವನ್ನು ಕಳೆಯುವ ಬಗೆಯನ್ನೂ ನೋಡಿದರೆ ಅದು ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಹೊಳೆಯ ದಡದಲ್ಲಿ ನೆಲೆಸಿದ ಜನರ ಮಟ್ಟಿಗಂತೂ ದುಡಿಮೆ, ಬಿಡುವು ಎರಡನ್ನೂ ನಿರ್ಧರಿಸುವುದು ನೀರೇ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು.

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಈ ಸೀಮೆಯ ಒಂದು ಕೂಡುರಸ್ತೆ. 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್‌ನ ಹೆಸರನ್ನು ಹೊತ್ತ ಈ ಪೇಟೆಯಿಂದ ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗಗಳಿಗೆ ದಾರಿಗಳು ಕವಲೊಡೆಯುತ್ತವೆ. ದಕ್ಷಿಣಕ್ಕೆ ನಡೆದರೆ ತುಂಗೆ, ಪಶ್ಚಿಮಕ್ಕೆ ನಡೆದರೆ ಶರಾವತಿ. ಪೇಟೆಗೆ ಸಮೀಪದ ಹುಂಚವು ಒಂದು ಕಾಲಕ್ಕೆ ಸಾಂತರ ಅರಸರ ರಾಜಧಾನಿಯಾಗಿತ್ತು. ಅಲ್ಲಿಯ ಪಂಚಕೂಟ ಬಸದಿ 1077ರಲ್ಲಿ ಕಟ್ಟಿದ್ದು. ಇನ್ನೊಂದು ದಿಕ್ಕಿನಲ್ಲಿರುವ ಅರಸಾಳು ರೈಲು ನಿಲ್ದಾಣವನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು 1980ರ ದಶಕದಲ್ಲಿ ನಿರ್ದೇಶಿಸಿದ ದೂರದರ್ಶನದ ಮಾಲಿಕೆಯಲ್ಲಿ ‘ಮಾಲ್ಗುಡಿ’ಯ ನಿಲ್ದಾಣವಾಗಿ ಕಾಣಿಸಿಕೊಂಡದ್ದು ಇದೇ. ಇಲ್ಲದ ಊರೊಂದಕ್ಕೆ ಇರುವ ನಿಲ್ದಾಣ!

ಈ ಸೀಮೆಯ ಮುಖ್ಯ ಬೆಳೆಗಳು ಭತ್ತ ಮತ್ತು ಅಡಕೆ. ಮುಂಗಾರು ಹಿಡಿದು ಸುರಿಯತೊಡಗಿದರೆ ಹಳ್ಳಕೊಳ್ಳಗಳು ತುಂಬಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೇ ಪ್ರಯಾಸದ ಕೆಲಸವಾಗುತ್ತದೆ. ಮಲೆನಾಡಿನ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದ ಆಚೆಗೊಂದು ಮನೆ. ಆದುದರಿಂದ ಇಲ್ಲಿಯ ಮನರಂಜನೆಯೆಲ್ಲವೂ ಒಂದು ರೀತಿಯಲ್ಲಿ ಜನರನ್ನು ಒಟ್ಟುಗೂಡಿಸುವ ಉಪಾಯವೇ ಆಗಿದೆ. ಅಡಕೆಯ ಕೊನೆ ಕೊಯ್ಲಿನ ಕಾಲದಲ್ಲಿ ರಾತ್ರಿಯ ಹೊತ್ತು ಅಕ್ಕಪಕ್ಕದವರು ಒಂದೆಡೆ ಕುಳಿತು ಮೆಟ್ಟುಗತ್ತಿಯಿಂದ ಅಡಕೆ ಸುಲಿಯುತ್ತಾರೆ. ಕೈ ದುಡಿಯುತ್ತಿದ್ದರೂ ಬಾಯಿಗೆ ಬಿಡುವು. ಊರಿನ ಕಥೆಗಳೆಲ್ಲ ಅಲ್ಲಿ ಹೊರಬೀಳುತ್ತವೆ.

ದೀಪಾವಳಿಯ ರಾತ್ರಿಗಳಲ್ಲಿ ‘ಅಂಟಿಗೆ ಪಂಟಿಗೆ’ಯ ತಂಡಗಳು ಹೊರಡುವುದುಂಟು. ದೇವರ ಮುಂದೆ ಹಚ್ಚಿದ ದೀಪವನ್ನು ಹಿಡಿದು, ಹಾಡುತ್ತ, ಮನೆಯಿಂದ ಮನೆಗೆ ನಡೆಯುವ ಗಂಡಸರ ತಂಡವಿದು. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಸು ಕೊಟ್ಟು ಬೀಳ್ಕೊಡುತ್ತಾರೆ. ಗಾಳಿಗೂ ಇಬ್ಬನಿಗೂ ದೀಪ ಆರದಂತೆ ಕಾಪಾಡುವುದು ತಂಡದ ಹೊಣೆ. ಭೂಮಿ ಹುಣ್ಣಿಮೆಯಂದು ದೀವರ ಮನೆಗಳ ಹೆಂಗಸರು ಬುಟ್ಟಿಯ ಮೇಲೆ ಚಿತ್ತಾರ ಬರೆದು, ಅದರಲ್ಲಿ ಅಡುಗೆ ತುಂಬಿ ಗದ್ದೆಗೆ ಕಳುಹಿಸುತ್ತಾರೆ. ಅಕ್ಕಿಯ ಬಿಳುಪು, ಕೆಮ್ಮಣ್ಣಿನ ಕೆಂಪು, ಗುರಿಗೆಯ ಹಳದಿ ಇವರ ಬಣ್ಣಗಳು. ಪುಂಡಿಯ ನಾರೇ ಕುಂಚ. ಇದನ್ನು ಇಂದು ಕಲೆಯೆಂದು ಕರೆದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಬರೆದವರಿಗೆ ಅದು ಹೊಲಕ್ಕೆ ಹೋಗುವ ಬುಟ್ಟಿ.

ಆದರೆ ಈ ಸೀಮೆಯ ದೊಡ್ಡ ವಿನೋದವೆಂದರೆ ಯಕ್ಷಗಾನವೇ. ಮಳೆಗಾಲ ಮುಗಿದು ಗದ್ದೆಗಳು ಬರಿದಾದ ಮೇಲೆ ಮೇಳಗಳು ಊರೂರು ತಿರುಗುತ್ತವೆ. ಕೊಯ್ಲಾದ ಗದ್ದೆಯೇ ರಂಗಸ್ಥಳ, ಬದುವೇ ಆಸನ. ಮುಂಗಾರು ಬಂದೊಡನೆ ಬಯಲಾಟ ನಿಂತುಹೋಗುತ್ತದೆ. ಬಣ್ಣ, ಕಿರೀಟಗಳು ಪೆಟ್ಟಿಗೆ ಸೇರುತ್ತವೆ. ಆಗ ಉಳಿಯುವುದು ತಾಳಮದ್ದಲೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ; ಚಾಪೆಯ ಮೇಲೆ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಭಾವವನ್ನು ಹಿಡಿದು ಆಶುವಾಗಿ ಮಾತನಾಡುತ್ತಾರೆ. ಬರೆದಿಟ್ಟ ಸಂಭಾಷಣೆಯಿಲ್ಲದಿರುವುದರಿಂದ ಎದುರಾಳಿ ಏನು ಕೇಳುವನೆಂಬುದು ಯಾರಿಗೂ ತಿಳಿಯದು. ವಾಲಿಯ ಪಾತ್ರಧಾರಿಯು “ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ?” ಎಂದು ಕೇಳಿದರೆ ರಾಮನ ಪಾತ್ರಧಾರಿಯು ಆ ಕ್ಷಣದಲ್ಲಿಯೇ ಉತ್ತರ ಕೊಡಬೇಕು. ಕಥೆಯ ಪ್ರಕಾರ ವಾಲಿ ಸಾಯಲೇಬೇಕೆಂಬುದು ನಿಜ. ಆದರೆ ವಾದದಲ್ಲಿ ಅವನೇ ಗೆದ್ದ ರಾತ್ರಿಗಳೂ ಇಲ್ಲದಿಲ್ಲ. ಹಗಲಿನಲ್ಲಿ ತೋಟದ ಕೆಲಸ ಮಾಡಿದವರು ರಾತ್ರಿ ಹೀಗೆ ಧರ್ಮಸೂಕ್ಷ್ಮವನ್ನು ಚರ್ಚಿಸುತ್ತಿದ್ದರು. ಕೇಳುವವರು ಮರುದಿನ ಗದ್ದೆಯಲ್ಲಿ ಅದನ್ನು ಮುಂದುವರಿಸುತ್ತಿದ್ದರು. ನಾಲ್ಕು ತಿಂಗಳ ಜಡಿಮಳೆಯಿಂದ ಒಂದು ವಾಕ್ಕಲೆ ಬೆಳೆಯಿತೆಂದರೆ ತಪ್ಪಾಗದು.

ಇಂತಹ ನೆಲದಲ್ಲಿ ನಾಟಕವೂ ಬೇರೂರಿದುದು ಆಶ್ಚರ್ಯವೇನಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ನೀಲಕಂಠೇಶ್ವರ ನಾಟ್ಯ ಸಂಘವನ್ನು ಕಟ್ಟಿದರು. ಅದೇ ‘ನೀನಾಸಂ’. ಬಿಡುವಿನ ವೇಳೆಯಲ್ಲಿ ನಾಟಕವಾಡುವ ಹವ್ಯಾಸಿಗಳ ಈ ಕೂಟವನ್ನು ಕೆ. ವಿ. ಸುಬ್ಬಣ್ಣನವರು ದೊಡ್ಡ ಸಂಸ್ಥೆಯನ್ನಾಗಿ ಬೆಳೆಸಿದರು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಪ್ರಾರಂಭವಾಯಿತು. 1985ರಿಂದ ‘ತಿರುಗಾಟ’ದ ನಾಟಕಗಳು ನಾಡನ್ನೆಲ್ಲ ಸುತ್ತುತ್ತಿವೆ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಇನ್ನು ಹೊಳೆಯ ಮಾತಿಗೆ ಬರೋಣ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತದೆ. ಬಾಯಾರಿದ ಸೀತೆಗಾಗಿ ರಾಮನು ಬಾಣದಿಂದ ನೆಲವನ್ನು ಸೀಳಿ ನೀರು ತರಿಸಿದನೆಂಬುದು ಸ್ಥಳಪುರಾಣ. ಹೊಸನಗರದ ಮೂಲಕ ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ಒಟ್ಟು ಪಯಣ ಸುಮಾರು 128 ಕಿಲೋಮೀಟರ್. ನದಿಗಳಲ್ಲಿ ಇದು ಚಿಕ್ಕದೇ. ಆದರೆ ಕರ್ನಾಟಕಕ್ಕೆ ಬೆಳಕು ಕೊಟ್ಟ ನದಿಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ.

ಆ ಬೆಳಕಿಗೆ ಬೆಲೆ ತೆತ್ತವರು ಇದೇ ದಡದ ಜನ. ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಲ್ಪಟ್ಟು, 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಅನಂತರ 1964ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 151 ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯದಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು! ಅದರೊಂದಿಗೆ ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕಿಂತ ಹೆಚ್ಚು ಹಳ್ಳಿಗಳ ಗದ್ದೆ, ತೋಟ, ಮನೆ, ಗುಡಿಗಳೂ ಮುಳುಗಿದವು. ಎದ್ದುಹೋದ ಕುಟುಂಬಗಳಿಗೆ ಬೇರೆಡೆಯ ಕಾಡುನೆಲದಲ್ಲಿ ಜಾಗ ತೋರಿಸಲಾಯಿತು; ಆ ನೆಲದ ಹಕ್ಕುಪತ್ರದ ಪ್ರಶ್ನೆ ಅರುವತ್ತು ವರ್ಷಗಳ ನಂತರವೂ ಪೂರ್ತಿಯಾಗಿ ಬಗೆಹರಿದಿಲ್ಲ. ಒಂದು ಬಯಲಾಟಕ್ಕೆ ಊರು ಬೇಕು, ಗದ್ದೆ ಬೇಕು, ದೀಪ ಹಿಡಿದು ಹೋಗಲು ನೆರೆಮನೆ ಬೇಕು. ಊರು ಚದುರಿದಾಗ ಹೋಗುವುದು ಆಸ್ತಿಯೊಂದೇ ಅಲ್ಲ.

ಇಂದು ಈ ಹಿನ್ನೀರೇ ಪ್ರವಾಸಿಗರ ಆಕರ್ಷಣೆಯಾಗಿದೆ. ದಡದಲ್ಲಿ ವಸತಿಗೃಹಗಳು ಎದ್ದಿವೆ. ಹೊನ್ನೆಮರಡಿನಲ್ಲಿ ದೋಣಿ ನಡೆಸುವುದನ್ನು ಕಲಿಸುತ್ತಾರೆ. ಕೊಡಚಾದ್ರಿಯನ್ನು ಏರುವವರು, ಬಿದನೂರು ನಗರದ ಕೋಟೆಯನ್ನು ನೋಡುವವರು ಈ ದಾರಿಯಲ್ಲಿಯೇ ಸಾಗುತ್ತಾರೆ. ನಗರದ ಸಮೀಪದ ದೇವಗಂಗೆಯಲ್ಲಿ ಕೆಳದಿಯ ಅರಸುಮನೆತನದವರ ವಿಹಾರಕ್ಕಾಗಿ ಕಟ್ಟಿದ ಕೊಳಗಳಿವೆ. ಬೆಟ್ಟದಿಂದ ಇಳಿದುಬರುವ ನೀರು ಅವುಗಳಲ್ಲಿ ಇಂದಿಗೂ ತುಂಬಿರುತ್ತದೆ. ನನ್ನನ್ನು ಕೇಳಿದರೆ, ಈ ಸೀಮೆಯಲ್ಲಿ ನೋಡಲೇಬೇಕಾದ ಜಾಗ ಜೋಗಕ್ಕಿಂತಲೂ ಮಿಗಿಲಾಗಿ ಇದೇ. ಜೋಗದ ನೀರು ಅಣೆಕಟ್ಟಿನ ಅಂಕೆಯಲ್ಲಿದೆ. ಮಳೆಗಾಲದಲ್ಲಿ ಮೈದುಂಬುವ ಜಲಪಾತವು ಬೇಸಗೆಯಲ್ಲಿ ಬಂಡೆಯ ಮೇಲಿನ ಬಿಳಿಯ ಗೆರೆಯಾಗಿಬಿಡುತ್ತದೆ. ವಿದ್ಯುತ್ತನ್ನು ಬಯಸುವ ನಾವು ಇದಕ್ಕಾಗಿ ಅಣೆಕಟ್ಟನ್ನು ಹಳಿಯುವಂತಿಲ್ಲ.

ಹಿನ್ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹರಿಯುವ ಹೊಳೆಯ ಸೆಳೆತ ಕಣ್ಣಿಗೆ ಕಾಣುತ್ತದೆ. ನಿಂತ ನೀರಿನ ಅಪಾಯ ಕಾಣುವುದಿಲ್ಲ. ಇದರ ತಳ ಮರಳಿನ ಹಾಸಲ್ಲ. ಮುಳುಗಿದ ಗುಡ್ಡಗಳ ಇಳಿಜಾರು. ಮೊಣಕಾಲುದ್ದದ ನೀರಿನಿಂದ ಎರಡು ಹೆಜ್ಜೆ ಮುಂದಿಟ್ಟರೆ ಆಳೆತ್ತರಕ್ಕಿಂತ ಹೆಚ್ಚು ಆಳವಿರಬಹುದು. ಅಡಿಯಲ್ಲಿ ಹೂಳು ತುಂಬಿರುತ್ತದೆ, ಮರದ ಬೊಡ್ಡೆಗಳಿರುತ್ತವೆ. ನೀರಿನ ಮಟ್ಟವೂ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಹೋದ ಸಲ ಈಜಿದ ಜಾಗ ಈ ಸಲ ಅದೇ ಜಾಗವಾಗಿರುವುದಿಲ್ಲ. ದಡದ ಹಳ್ಳಿಯ ಹುಡುಗರು ಹಿರಿಯರನ್ನು ಕೇಳಿ ನೀರಿಗೆ ಇಳಿಯುವುದು ಅಂಜಿಕೆಯಿಂದಲ್ಲ.

ನೀರನ್ನು ಬಲ್ಲವರಲ್ಲಿಯೂ ಎರಡು ಬಗೆಯ ನಡತೆಯುಂಟು. ಮುಂಗಾರಿನ ಮೊದಲ ನೆರೆಯಲ್ಲಿ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಗದ್ದೆಗಳತ್ತ ಹತ್ತಿಬರುತ್ತವೆ. ಇವಕ್ಕೆ ‘ಹತ್ತುಮೀನು’ ಎನ್ನುತ್ತಾರೆ. ಆ ರಾತ್ರಿ ದೀಪ, ಕತ್ತಿ ಹಿಡಿದು ಗದ್ದೆಯ ಬದುವಿನಲ್ಲಿ ಓಡಾಡುವುದು ಮಲೆನಾಡಿಗರಿಗೆ ಬಲು ಹುರುಪಿನ ಆಟ. ಹಿಡಿದ ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷದ ಮೀನುಗಳಿವೆಯೆಂಬುದನ್ನು ಆ ಹುರುಪು ಮರೆಸುತ್ತದೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮಡುವಿನ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಸಿದ್ಧಿವಿನಾಯಕನ ಸನ್ನಿಧಿಯ ಮೀನುಗಳೆಂದು ಅವಕ್ಕೆ ಅಭಯ. ಬಂದವರು ಎಸೆದ ಅಕ್ಕಿಗೆ ದೊಡ್ಡ ದೊಡ್ಡ ಮೀನುಗಳು ಹಿಂಡುಹಿಂಡಾಗಿ ದಡದವರೆಗೂ ಬರುತ್ತವೆ.

ಹಿನ್ನೀರು ಎಲ್ಲಕ್ಕಿಂತ ಹೆಚ್ಚಾಗಿ ಕಷ್ಟ ಕೊಟ್ಟದ್ದು ಸಾಗರ ತಾಲ್ಲೂಕಿನ ತುಮರಿ, ಸಿಗಂದೂರು ಕಡೆಯ ಜನರಿಗೆ. ನೀರು ನಡುವೆ ನಿಂತುದರಿಂದ ಸಾಗರಕ್ಕೆ ಅವರ ನೇರವಾದ ದಾರಿ ಕಡಿದುಹೋಯಿತು. ಹತ್ತಾರು ವರ್ಷಗಳ ಕಾಲ ಹೊಳೆಬಾಗಿಲಿನ ಲಾಂಚೇ ಅವರ ರಸ್ತೆ. ಅದರ ಮೇಲೆ ಬಸ್ಸುಗಳೂ ದಾಟುತ್ತಿದ್ದವು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವ ಪ್ರವಾಸಿಗರಿಗೆ ಈ ಲಾಂಚ್ ಒಂದು ಸೊಗಸಾದ ಜಲವಿಹಾರ; ಜ್ವರದ ಮಗುವನ್ನು ಹೊತ್ತು ರಾತ್ರಿ ದಡಕ್ಕೆ ಬಂದ ತಾಯಿಗೆ ಅದು ಬೆಳಗಿನವರೆಗೆ ಬಾರದ ದೋಣಿ. 2025ರ ಜುಲೈ 14ರಂದು ಅಲ್ಲಿ ಸುಮಾರು 2.44 ಕಿಲೋಮೀಟರ್ ಉದ್ದದ ತೂಗುತಂತಿಗಳ ಸೇತುವೆಯ ಉದ್ಘಾಟನೆಯಾಯಿತು. ಈಗ ಹಗಲಿರುಳೆನ್ನದೆ ಕೆಲವೇ ನಿಮಿಷಗಳಲ್ಲಿ ಹಿನ್ನೀರನ್ನು ದಾಟಬಹುದು. ಪ್ರವಾಸಿಗರು ಸೇತುವೆಯ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ. ಬೇಸಗೆಯ ಕೊನೆಯಲ್ಲಿ ನೀರು ತಗ್ಗಿದಾಗ ಹಿನ್ನೀರಿನ ಅಂಚಿನಲ್ಲಿ ಕಪ್ಪು ಬೊಡ್ಡೆಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ. ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. ಮುಳುಗಡೆಯ ಮನೆತನಗಳ ಹಿರಿಯರು ಮೊಮ್ಮಕ್ಕಳಿಗೆ ತಮ್ಮ ಗದ್ದೆ ಇದ್ದ ದಿಕ್ಕನ್ನು ಬೆರಳಿನಿಂದ ತೋರಿಸುತ್ತಾರೆ.