ಒಂದೇ ಸಲದ ಔಷಧಿ, ಮೂರು ತಿಂಗಳ ರಕ್ತಪರೀಕ್ಷೆ



2021ರ ಜೂನ್ ತಿಂಗಳಲ್ಲಿ ಹೈದರಾಬಾದಿನ ರೈನ್‌ಬೋ ಮಕ್ಕಳ ಆಸ್ಪತ್ರೆಯಲ್ಲಿ ಮೂರು ವರ್ಷದ ಬಾಲಕನೊಬ್ಬನಿಗೆ 16 ಕೋಟಿ ರೂಪಾಯಿ ಬೆಲೆಯ ಜೋಲ್ಗೆನ್ಸ್‌ಮಾ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಕೊಡಲಾಯಿತು. ಹಣವು ಸಾವಿರಾರು ಜನರ ದೇಣಿಗೆಯಿಂದ ಕೂಡಿಬಂದಿತ್ತು. ಅಂದು ಬೆಲೆಯೇ ದೊಡ್ಡ ಸುದ್ದಿಯಾಯಿತು. ಔಷಧಿ ಕೊಟ್ಟ ಮರುವಾರದಿಂದ ತೊಡಗುವ ಕೆಲಸದ ಬಗ್ಗೆ ಹೆಚ್ಚು ಮಾತು ಬರಲಿಲ್ಲ. ನಾವು ಅದನ್ನೇ ಹೇಳಬೇಕೆಂದಿದ್ದೇವೆ.

ಆ ಕಾಯಿಲೆಗೆ ಎಸ್.ಎಂ.ಎ. ಎಂದು ಹೆಸರು. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಮಗುವಿಗೆ ಕತ್ತು ನಿಲ್ಲುವುದಿಲ್ಲ. ಕಾಯಿಲೆ ತೀವ್ರವಾದರೆ ಉಸಿರಾಡುವ ಶಕ್ತಿಯೂ ಕುಂದುತ್ತದೆ. ತಂದೆತಾಯಿ ಇಬ್ಬರಲ್ಲೂ ದೋಷದ ಜೀನ್ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಗದ್ವಾಲದ ಕಡೆ ಬೀಜದ ಹತ್ತಿ ಬೆಳೆಯುವವರಿಗೆ ಇದು ಹೊಸದಲ್ಲ. ಹೈಬ್ರಿಡ್ ಗಿಡದ ಬೀಜವನ್ನೇ ಮರುವರ್ಷ ಬಿತ್ತಿದರೆ ಅಡಗಿದ್ದ ಗುಣ ಕೆಲವು ಗಿಡಗಳಲ್ಲಿ ಹೊರಬೀಳುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಈ ಸಂಭವ ಹೆಚ್ಚು. ಮಾತು ಕಹಿ, ಆದರೂ ಹೇಳಲೇಬೇಕು.

ಔಷಧಿಯಲ್ಲಿರುವುದು ಸರಿಯಾದ ಜೀನನ್ನು ಹೊತ್ತ, ರೋಗ ತಾರದ ವೈರಸ್. ಅದು ನರಕೋಶಗಳಿಗೆ ಹೋಗುವಂತೆ ಯಕೃತ್ತಿಗೂ ಹೋಗುತ್ತದೆ. ದೇಹವು ಅದನ್ನು ವೈರಿಯೆಂದು ತಿಳಿದು ಕಾದಾಡುವಾಗ ಪೆಟ್ಟು ಬೀಳುವುದು ಯಕೃತ್ತಿಗೆ. ಈ ಕಾದಾಟವನ್ನು ತಗ್ಗಿಸಲು ಹಿಂದಿನ ದಿನದಿಂದಲೇ ಸ್ಟೀರಾಯ್ಡ್ ಕೊಡಲಾರಂಭಿಸಿ ಒಂದು ತಿಂಗಳು ಮುಂದುವರಿಸುತ್ತಾರೆ; ಆಮೇಲೆ ರಕ್ತ ನೋಡಿಕೊಂಡು ನಿಧಾನವಾಗಿ ಇಳಿಸುತ್ತಾರೆ. ಮೊದಲ ತಿಂಗಳು ವಾರವಾರವೂ, ಬಳಿಕ ವೈದ್ಯರು ಹೇಳಿದ ಅಂತರದಲ್ಲಿ ಮೂರನೆಯ ತಿಂಗಳವರೆಗೂ ಪರೀಕ್ಷೆ ನಡೆಯುತ್ತದೆ. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ., ಬಿಲಿರುಬಿನ್ ಇವು ಯಕೃತ್ತಿನ ಸ್ಥಿತಿಯನ್ನೂ, ಟ್ರೊಪೋನಿನ್ ಹೃದಯದ ಸ್ಥಿತಿಯನ್ನೂ ತಿಳಿಸುತ್ತವೆ. ಪ್ಲೇಟ್‌ಲೆಟ್ ಕುಸಿದರೆ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವಿದೆಯೇ ಎಂದು ಹುಡುಕುತ್ತಾರೆ.

2022ರಲ್ಲಿ ರಷ್ಯಾ ಮತ್ತು ಕಜಕಿಸ್ತಾನಗಳಲ್ಲಿ ಈ ಔಷಧಿ ಪಡೆದಿದ್ದ ಇಬ್ಬರು ಮಕ್ಕಳು ಯಕೃತ್ತು ವಿಫಲವಾಗಿ ತೀರಿಕೊಂಡ ವರದಿ ಬಂತು. ಔಷಧಿ ಕೊಟ್ಟು ಐದಾರು ವಾರಗಳಾಗಿದ್ದವು. ಸ್ಟೀರಾಯ್ಡ್ ಇಳಿಸಲಾರಂಭಿಸಿ ಹೆಚ್ಚೆಂದರೆ ಹತ್ತು ದಿನ. ಎಂದರೆ ಮನೆಯವರು ‘ಇನ್ನೇನು ಗೆದ್ದೆವು’ ಎನ್ನುವ ಹೊತ್ತು ಅದು.

ನಮ್ಮ ಭಯವೂ ಅಲ್ಲಿಯೇ ಇದೆ. ಮಕ್ತಲ, ನಾರಾಯಣಪೇಟೆಗಳಿಂದ ಹೈದರಾಬಾದು 150 ಕಿಲೋಮೀಟರಿಗೂ ದೂರ. ತೊಗರಿ ರಾಶಿಯ ಕಾಲದಲ್ಲಿ ವಾರಕ್ಕೊಮ್ಮೆ ಹೋಗಿಬರುವವರಾರು? ‘ಇಷ್ಟು ಸಣ್ಣ ಕೂಸಿನ ರಕ್ತ ಎಷ್ಟು ಸಲ ತೆಗೀತಾರಪ್ಪ’ ಎಂದು ಅಜ್ಜಿ ಗೊಣಗುತ್ತಾಳೆ. ಕೂಸು ವಾಂತಿ ಮಾಡಿ ಕಣ್ಣು ಹಳದಿಯಾದರೆ ‘ಕಾಮಣಿ’ ಎಂದು ಸೊಪ್ಪಿನ ರಸ ಕುಡಿಸುವವರು ಊರೂರಿಗೂ ಇದ್ದಾರೆ. ದಯವಿಟ್ಟು ಬೇಡ. ಆ ರಸ ಸೋತ ಯಕೃತ್ತಿಗೆ ಇನ್ನೊಂದು ಹೊರೆ. ಅದೇ ದಿನ ಆಸ್ಪತ್ರೆಗೆ ಫೋನು ಮಾಡಿರಿ. ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿರಿ. ದೂರ ಕಷ್ಟವಾದರೆ ಸಮೀಪದ ಲ್ಯಾಬಿನಲ್ಲಿ ರಕ್ತ ಕೊಟ್ಟು ವರದಿ ಕಳುಹಿಸಬಹುದೇ ಎಂದು ಬಿಡುಗಡೆಗೆ ಮುಂಚೆಯೇ ವೈದ್ಯರನ್ನು ಕೇಳಿರಿ.

ಡುಶೆನ್ ಎಂಬ ಸ್ನಾಯುರೋಗದ ಗಂಡುಮಕ್ಕಳಲ್ಲಿ ಮತ್ತೊಂದು ತೊಡಕಿದೆ. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಸ್ನಾಯುವಿನಲ್ಲಿಯೂ ಇರುವುದರಿಂದ, ಯಕೃತ್ತು ಚೆನ್ನಾಗಿದ್ದರೂ ಅವು ಏರಿರುತ್ತವೆ. ಆಗ ಸಿ.ಕೆ. ಪರೀಕ್ಷೆ ಸಾವಿರಗಟ್ಟಲೆ ತೋರಿಸಿದರೆ ಮೂಲ ಸ್ನಾಯುವಿನಲ್ಲಿದೆ ಎಂದು ಗೊತ್ತಾಗುತ್ತದೆ. ಯಕೃತ್ತನ್ನು ತಿಳಿಯಲು ಜಿ.ಜಿ.ಟಿ. ನೋಡುತ್ತಾರೆ. ಈ ರೋಗಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆಯ ನಂತರವೂ, ನಡೆಯಲಾಗದ ಇಬ್ಬರು ಹುಡುಗರು ಯಕೃತ್ತಿನ ತೊಂದರೆಯಿಂದ ತೀರಿಕೊಂಡದ್ದು 2025ರಲ್ಲಿ ಸುದ್ದಿಯಾಯಿತು.

ಸತ್ತ ನರದಿಂದ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಎಂಬ ಅಂಶವನ್ನು ಅಳೆದು ಔಷಧಿ ನಾಟಿತೇ ಎಂದು ತಿಳಿಯುವ ಸಂಶೋಧನೆಯೂ ನಡೆದಿದೆ.

ಮಗುವಿನ ಕೈಕಾಲು ಸಡಿಲವೆನಿಸಿದರೆ ತಡಮಾಡದೆ ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ತೋರಿಸಿರಿ. ಅದು 2021ರ ರಾಷ್ಟ್ರೀಯ ವಿರಳ ರೋಗ ನೀತಿಯ ವಿಶೇಷ ಕೇಂದ್ರಗಳಲ್ಲಿ ಒಂದು. ಆ ನೀತಿಯಡಿ 50 ಲಕ್ಷದವರೆಗೆ ನೆರವುಂಟು. 16 ಕೋಟಿಯ ಮುಂದೆ ಅದೆಷ್ಟರದು ಎಂಬುದು ಬೇರೆ ಮಾತು. ಸ್ಟೀರಾಯ್ಡ್ ನಡೆಯುತ್ತಿರುವ ಮಗುವಿಗೆ ಲಸಿಕೆ ಹಾಕಿಸುವ ಮುನ್ನ ಅಂಗನವಾಡಿಯವರಿಗೆ ಆ ಸಂಗತಿ ತಿಳಿಸಿ, ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳಿಯೇ ಹಾಕಿಸಿರಿ.