ಇದ್ದಿಲಿನ ಲೆಕ್ಕಕ್ಕೆ ಸಿಗದ ಹೊಗೆ

ಕಟ್ಟಿಗೆ ಹೊತ್ತಿಕೊಂಡಾಗ ಜ್ವಾಲೆಯಾಗಿ ಉರಿಯುವುದು ಅದರಿಂದ ಹೊರಟ ಆವಿ. ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಆ ಆವಿ ಉರಿಯದೆ ಉಳಿಯುತ್ತದೆ. ತಣಿಸಿದರೆ ಅದರಲ್ಲಿ ಬಹುಪಾಲು ದ್ರವವಾಗುತ್ತದೆ. ಒಣಕಟ್ಟಿಗೆಯ ತೂಕದಲ್ಲಿ ಇದ್ದಿಲಾಗಿ ಉಳಿಯುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಹೀಗಿರುವಾಗ ಇದ್ದಿಲನ್ನಷ್ಟೇ ತೂಗಿ ಭಟ್ಟಿಯ ಯೋಗ್ಯತೆ ನಿರ್ಧರಿಸುವುದು ತಪ್ಪು ಲೆಕ್ಕ. ಕಟ್ಟಿಗೆಯೆಂಬುದು ಒಂದೇ ವಸ್ತುವೂ ಅಲ್ಲ. ಅದರೊಳಗಿನ ಹೆಮಿಸೆಲ್ಯುಲೋಸ್ ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಸೆಲ್ಯುಲೋಸ್ 400 ಡಿಗ್ರಿಯೊಳಗೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಲಿಗ್ನಿನ್ ಮಾತ್ರ ನಿಧಾನವಾಗಿ ಕರಗುತ್ತ ಮೀಥೈಲ್ ಆಲ್ಕೋಹಾಲನ್ನೂ ಟಾರಿನ ಫಿನಾಲುಗಳನ್ನೂ ಕೊಟ್ಟು, ಇದ್ದಿಲಿನ ದೊಡ್ಡ ಪಾಲಾಗಿ ಉಳಿಯುತ್ತದೆ. ಚಿಟಿಕೆಯಷ್ಟು ಪುಡಿಯನ್ನು ನೈಟ್ರೋಜನ್ ಅನಿಲದಲ್ಲಿ ಕಾಯಿಸುತ್ತ, ಇಳಿಯುವ ತೂಕವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಪ್ರಯೋಗಾಲಯದ ಯಂತ್ರದಲ್ಲಿ ಈ ಹಂತಗಳು ಸ್ಪಷ್ಟವಾಗಿ ಕಾಣುತ್ತವೆ.

ಹೊಗೆಯನ್ನೂ ಲೆಕ್ಕಕ್ಕೆ ಹಿಡಿದ ಕಾರ್ಖಾನೆಯೊಂದು ನಮ್ಮಲ್ಲೇ ಇತ್ತು. ಎಂಜಿನಿಯರ್ ವಿಶ್ವೇಶ್ವರಯ್ಯನವರು ಕನಸು ಕಂಡ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಲು ಮಲೆನಾಡಿನ ಮರದ ಇದ್ದಿಲು ಬಂತು. ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ, ಕಬ್ಬಿಣಕ್ಕೆ ಅದು ಒಳ್ಳೆಯದು. ಜೊತೆಗೆ ಕಟ್ಟಿಗೆ ಬಟ್ಟಿ ಇಳಿಸುವ ಘಟಕವನ್ನೂ ಕಟ್ಟಿ ಹೊಗೆಯಿಂದ ಕ್ಯಾಲ್ಸಿಯಂ ಅಸಿಟೇಟ್, ಮೀಥೈಲ್ ಆಲ್ಕೋಹಾಲ್, ಟಾರು ತೆಗೆದರು. ಬಡ ದೇಶವೊಂದು ಹೊಗೆಯನ್ನೂ ವ್ಯರ್ಥ ಮಾಡದೆ ದುಡಿಸಿಕೊಂಡ ಈ ಪ್ರಯತ್ನ ಅಸಾಧಾರಣವಾದದ್ದು.

ಆದರೆ ಅದು ಬಾಳಲಿಲ್ಲವಲ್ಲ ಎಂಬ ಆಕ್ಷೇಪವಿದೆ. ನಿಜ, ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್ಎಫ್ ಕಂಪನಿ ಅನಿಲಗಳಿಂದಲೇ ಮೀಥೈಲ್ ಆಲ್ಕೋಹಾಲ್ ತಯಾರಿಸತೊಡಗಿತು, ಕಟ್ಟಿಗೆಯದು ಪೈಪೋಟಿಯಲ್ಲಿ ಸೋತಿತು. ಕಾಡು ಕಡಿದದ್ದರ ಆಕ್ಷೇಪ ಇನ್ನೂ ಗಂಭೀರ, ಅದನ್ನು ಪೂರ್ತಿ ಒಪ್ಪಬೇಕು. ಆದರೆ ಎರಡೂ ಆಕ್ಷೇಪಗಳು ಆಗಿನ ಕಚ್ಚಾವಸ್ತುವಿಗೂ ಆಗಿನ ಮಾರುಕಟ್ಟೆಗೂ ಸಂಬಂಧಿಸಿದವು, ಹೊಗೆಯ ಲೆಕ್ಕಕ್ಕಲ್ಲ. ಇಂದು ನಿಂತ ಮರ ಬೇಕಿಲ್ಲ: ಮರಗಸಿಯಲ್ಲಿ ಬಿದ್ದ ರೆಂಬೆ, ಅಡಿಕೆ ಸಿಪ್ಪೆ, ಕರಟ ಇವೆ. ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ದ್ರವ ಕಡಿಮೆಯಾಗಿ ಇದ್ದಿಲು ಹೆಚ್ಚುತ್ತದೆ. ಆದ್ದರಿಂದ ಒಂದೊಂದನ್ನೂ ಬೇರೆಬೇರೆಯಾಗಿ ವಿಶ್ಲೇಷಿಸದೆ ಭಟ್ಟಿ ಕಟ್ಟಬಾರದು. ದ್ರವಕ್ಕೆ ಗಿರಾಕಿ ಸಿಗದಿದ್ದರೂ ಆವಿಯನ್ನು ಕೊಳವೆಯಲ್ಲಿ ತಿರುಗಿಸಿ ಭಟ್ಟಿಯ ಕೆಳಗೇ ಉರಿಸಬಹುದು. ಮುಂದಿನ ಕಂತಿನ ಸಿಪ್ಪೆ ಒಣಗಿಸಲು ಆ ಬಿಸಿ ಸಾಕು.